ಹೂವಿನ ಪ್ರಭೇದಕ್ಕೂ ಸರಾಸರಿ ಬಂದಿದೆ: ದತ್ತಾಂಶದ ವಿಧವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಕಲಿಕೆಯ_ಹಾದಿ

ಬಳಗದ ಹಿರಿಯರಿಗೆ ನಮಸ್ಕಾರ. ಸಂಖ್ಯಾಶಾಸ್ತ್ರವನ್ನು ನಾನೇ ಓದಿಕೊಂಡು ಕಲಿಯಲು ತೊಡಗಿ ಕೆಲವು ವಾರಗಳಾಗಿವೆ. ಹೊಸಬರೆಲ್ಲ ಮೊದಲು ಕೈಹಾಕುವ ಐರಿಸ್ ಹೂವುಗಳ ದತ್ತಾಂಶವನ್ನೇ ನಾನೂ ಅಭ್ಯಾಸಕ್ಕೆ ಆರಿಸಿಕೊಂಡೆ. ಅದರಲ್ಲಿ 150 ಹೂವುಗಳಿದ್ದು, ಸೆಟೋಸಾ, ವರ್ಸಿಕಲರ್, ವರ್ಜಿನಿಕಾ ಎಂಬ ಮೂರು ಪ್ರಭೇದಗಳಿಗೆ ತಲಾ 50 ಸೇರಿವೆ. ಪ್ರತಿ ಹೂವಿನ ಪುಷ್ಪಪತ್ರದ (ದಳಗಳ ಹೊರಗಿನ ಸುತ್ತಿನ ಭಾಗ) ಉದ್ದ ಮತ್ತು ಅಗಲ, ದಳದ ಉದ್ದ ಮತ್ತು ಅಗಲ, ಹೀಗೆ ನಾಲ್ಕು ಅಳತೆಗಳು ಸೆಂಟಿಮೀಟರಿನಲ್ಲಿವೆ. ಐದನೆಯ ಕಾಲಮ್ಮಿನಲ್ಲಿ ಪ್ರಭೇದದ ಹೆಸರಿನ ಬದಲು 0, 1, 2 ಎಂಬ ಅಂಕಿಗಳಿವೆ.

ಎಲ್ಲ ಕಾಲಮ್ಮುಗಳ ಸರಾಸರಿಯನ್ನು ಒಟ್ಟಿಗೇ ತೆಗೆದಾಗ ದಳದ ಉದ್ದಕ್ಕೆ 3.758 ಬಂದಿತು, ಪ್ರಭೇದಕ್ಕೆ 1 ಬಂದಿತು. 1 ಎಂಬುದು ವರ್ಸಿಕಲರ್‌ನ ಸಂಕೇತವಾದ್ದರಿಂದ “ಸರಾಸರಿ ಹೂವು ವರ್ಸಿಕಲರ್” ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೂಬಿಟ್ಟೆ. ಮರುದಿನ ಓದಿಕೊಂಡಾಗ ನನಗೇ ನಗು ಬಂದಿತು. ಆದರೆ ಅದೇಕೆ ತಪ್ಪು ಎಂದು ವಿವರಿಸಲು ಹೊರಟಾಗ ಮಾತು ಸಿಗಲಿಲ್ಲ, ಏಕೆಂದರೆ ವರ್ಸಿಕಲರ್‌ನ ದಳದ ಉದ್ದ ನಿಜವಾಗಿಯೂ ಉಳಿದೆರಡರ ನಡುವೆಯೇ ಇದೆ. ಹಾಗಿದ್ದ ಮೇಲೆ ಆ 1 ಪೂರ್ತಿ ಸುಳ್ಳೂ ಅಲ್ಲವೇನೋ ಎಂಬ ಅನುಮಾನ ಹೊಕ್ಕಿತು. ತಂತ್ರಾಂಶವಂತೂ ತುಟಿಪಿಟಕ್ಕೆನ್ನದೆ ಉತ್ತರ ಕೊಟ್ಟಿತು.

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಉಷ್ಣತೆಯನ್ನು ಉಪಕರಣದಿಂದಲೇ ಅಳೆಯುತ್ತೇವೆ, ಉದ್ದವನ್ನೂ ಹಾಗೆಯೇ ಅಳೆಯುತ್ತೇವೆ. ಹೀಗಿರುವಾಗ ಸೆಲ್ಸಿಯಸ್ ಉಷ್ಣತೆಯನ್ನು ಉದ್ದಕ್ಕಿಂತ ಬೇರೆ ವರ್ಗದಲ್ಲಿ ಇರಿಸುವುದೇಕೆ? ಮತ್ತೊಂದು, ದಳದ ಉದ್ದದ ಮಾನಕ ವಿಚಲನೆಯನ್ನು, ಅಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆಯನ್ನು, ನಂಪೈ ಎಂಬ ತಂತ್ರಾಂಶ 1.759 ಎಂದೂ ಪಾಂಡಾಸ್ ಎಂಬ ಇನ್ನೊಂದು 1.765 ಎಂದೂ ಹೇಳುತ್ತಿವೆ. ದತ್ತಾಂಶ ಒಂದೇ ಆಗಿರುವಾಗ ಉತ್ತರ ಎರಡಾಗುವುದು ಹೇಗೆ? ಪುಸ್ತಕದ ವ್ಯಾಖ್ಯೆಗಳು ನನಗೆ ಬಾಯಿಪಾಠವಾಗಿವೆ. ಅವುಗಳ ಹಿಂದಿನ ತರ್ಕವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ತಕ್ಕಡಿ

ವ್ಯಾಖ್ಯೆಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಸೆಟೋಸಾಕ್ಕೆ 7, ವರ್ಸಿಕಲರ್‌ಗೆ 0, ವರ್ಜಿನಿಕಾಕ್ಕೆ 2 ಎಂದು ಸಂಕೇತಗಳನ್ನು ಬದಲಾಯಿಸಿರಿ. ಹೂವುಗಳು ಬದಲಾಗಿಲ್ಲ, ಯಾವ ಹೂವು ಯಾವ ಪ್ರಭೇದದ್ದು ಎಂಬ ಮಾಹಿತಿಯಲ್ಲಿ ಒಂದಕ್ಷರವೂ ಕಳೆದಿಲ್ಲ. ಈಗ ಸರಾಸರಿ 3 ಬರುತ್ತದೆ, ಮತ್ತು 3 ಎಂಬ ಸಂಕೇತದ ಪ್ರಭೇದವೇ ಇಲ್ಲ. ಇನ್ನು ದಳದ ಉದ್ದವನ್ನು ಸೆಂಟಿಮೀಟರಿನ ಬದಲು ಮಿಲಿಮೀಟರಿನಲ್ಲಿ ಬರೆಯಿರಿ. ಸರಾಸರಿ 37.58 ಆಗುತ್ತದೆ, ಅಂಕಿ ಬೇರೆಯಾದರೂ ಅದು ಸೂಚಿಸುವ ಉದ್ದ ಮೊದಲಿನದೇ. ಮೊದಲ ಸಂದರ್ಭದಲ್ಲಿ ಬರವಣಿಗೆಯ ರೀತಿಯನ್ನು ಬದಲಿಸಿದ್ದಕ್ಕೆ ತೀರ್ಮಾನವೇ ಬಿದ್ದುಹೋಯಿತು, ಎರಡನೆಯದರಲ್ಲಿ ತೀರ್ಮಾನ ಅಲುಗಾಡಲಿಲ್ಲ. ದತ್ತಾಂಶದ ವಿಧ ಯಾವುದು ಎಂಬ ಪ್ರಶ್ನೆಯ ತಿರುಳು ಇಷ್ಟೇ: ಅರ್ಥ ಕೆಡದಂತೆ ಈ ಅಂಕಿಗಳನ್ನು ಎಷ್ಟರಮಟ್ಟಿಗೆ ಬದಲಾಯಿಸಬಹುದು? ತಂತ್ರಾಂಶಕ್ಕೆ ಕಾಣುವುದು ಅಂಕಿ ಮಾತ್ರ, ಅದು ಎಲ್ಲಿಂದ ಬಂದಿತೆಂಬುದು ಕಾಣದು.

ಈ ದೃಷ್ಟಿಯಿಂದ ಮಾಪಕಗಳನ್ನು ನಾಲ್ಕಾಗಿ ವಿಂಗಡಿಸಿದವರು ಹಾರ್ವರ್ಡಿನ ಮನೋವಿಜ್ಞಾನಿ ಸ್ಟ್ಯಾನ್ಲಿ ಸ್ಮಿತ್ ಸ್ಟೀವನ್ಸ್. 1946ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಕಿರುಲೇಖನ ಅದು. ಮನುಷ್ಯನ ಸಂವೇದನೆಯನ್ನು ಅಳೆಯಲು ಸಾಧ್ಯವೇ ಎಂದು ತೀರ್ಮಾನಿಸಲು ಬ್ರಿಟನ್ನಿನಲ್ಲಿ 1932ರಲ್ಲಿ ಭೌತವಿಜ್ಞಾನಿಗಳನ್ನೂ ಮನೋವಿಜ್ಞಾನಿಗಳನ್ನೂ ಒಂದೆಡೆ ಕೂರಿಸಿ ಒಂದು ಸಮಿತಿಯನ್ನು ರಚಿಸಿದ್ದರು. ವರ್ಷಗಟ್ಟಲೆ ಚರ್ಚಿಸಿದರೂ ಅವರಲ್ಲಿ ಒಮ್ಮತ ಮೂಡಲಿಲ್ಲ. ಅಳತೆ ಎಂಬ ಪದವನ್ನು ಎರಡು ಪಕ್ಷದವರೂ ಬೇರೆಬೇರೆ ಅರ್ಥದಲ್ಲಿ ಬಳಸುತ್ತಿದ್ದುದೇ ತೊಡಕಿನ ಮೂಲ ಎಂದು ಕಂಡ ಸ್ಟೀವನ್ಸ್, ಅಳತೆಯಲ್ಲೇ ಹಲವು ಮಟ್ಟಗಳಿವೆ ಎಂದು ವಾದಿಸಿದರು. ಇಂದು ಪಠ್ಯಗಳಲ್ಲಿ ವಿಧಿಯಂತೆ ಬರುವ ಈ ಪಟ್ಟಿ ಹುಟ್ಟಿದ್ದು ಒಂದು ಜಗಳವನ್ನು ಬಿಡಿಸಲು ಎಂಬುದನ್ನು ನೆನಪಿಟ್ಟರೆ ಅದರ ಉದ್ದೇಶ ಸುಲಭವಾಗಿ ತಿಳಿಯುತ್ತದೆ.

ಅವರು ನಾಮಿನಲ್ ಎಂದು ಕರೆದ ನಾಮಸೂಚಕ ಮಾಪಕದಲ್ಲಿ ಅಂಕಿಯು ಕೇವಲ ಚೀಟಿ. ಎರಡು ಬೇರೆ ಗುಂಪುಗಳಿಗೆ ಒಂದೇ ಚೀಟಿ ಬೀಳದಿದ್ದರೆ ಸಾಕು, ಹೇಗೆ ಬೇಕಾದರೂ ಬದಲಿಸಬಹುದು. ಆದ್ದರಿಂದ ಎಣಿಕೆ, ಶೇಕಡಾ ಪ್ರಮಾಣ ಮತ್ತು ಅತಿ ಹೆಚ್ಚು ಸಲ ಬಂದ ಗುಂಪು ಯಾವುದೆಂದು ಹೇಳುವ ಬಹುಲಕ, ಇವು ಮಾತ್ರ ಅರ್ಥಪೂರ್ಣ. ಆರ್ಡಿನಲ್ ಎಂಬ ಕ್ರಮಸೂಚಕ ಮಾಪಕದಲ್ಲಿ ಹಿಂದುಮುಂದಿನ ಕ್ರಮವನ್ನು ಕಾಪಾಡಬೇಕು. ಮೊದಲ, ಎರಡನೆಯ, ಮೂರನೆಯ ಸ್ಥಾನಗಳನ್ನು 1, 2, 3 ಎಂದರೂ 1, 5, 40 ಎಂದರೂ ತಿಳಿಸುವ ವಿಷಯ ಒಂದೇ. ಇಲ್ಲಿ ಎಲ್ಲವನ್ನೂ ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯಾದ ಮಧ್ಯಾಂಕಕ್ಕೂ ಅವಕಾಶವಿದೆ. ಇಂಟರ್ವಲ್ ಎಂಬ ಅಂತರ ಮಾಪಕದಲ್ಲಿ ಎರಡು ಅಳತೆಗಳ ನಡುವಿನ ಅಂತರಗಳನ್ನು ಹೋಲಿಸಬಹುದು, ಆದರೆ ಸೊನ್ನೆಯನ್ನು ಎಲ್ಲಿ ನೆಡಬೇಕೆಂಬುದು ನಮ್ಮ ಇಚ್ಛೆಗೆ ಬಿಟ್ಟದ್ದು. ರೇಷಿಯೋ ಎಂಬ ಅನುಪಾತ ಮಾಪಕದಲ್ಲಿ ಸೊನ್ನೆ ಎಂದರೆ ಆ ಗುಣವೇ ಇಲ್ಲವೆಂದು. ಏಕಮಾನವನ್ನು ಬದಲಿಸಬಹುದೇ ಹೊರತು ಸೊನ್ನೆಯನ್ನು ಸರಿಸುವಂತಿಲ್ಲ. ಪಠ್ಯಗಳು ಹೇಳುವ ಗುಣಾತ್ಮಕ ದತ್ತಾಂಶದಲ್ಲಿ ಸ್ಥೂಲವಾಗಿ ಮೊದಲೆರಡು ಸೇರುತ್ತವೆ, ಪರಿಮಾಣಾತ್ಮಕದಲ್ಲಿ ಕೊನೆಯೆರಡು.

ಸೆಲ್ಸಿಯಸ್‌ನ ಸಂದೇಹಕ್ಕೆ ಉತ್ತರ ಈ ಸೊನ್ನೆಯಲ್ಲೇ ಇದೆ. 1742ರಲ್ಲಿ ಆಂಡರ್ಸ್ ಸೆಲ್ಸಿಯಸ್ ತಮ್ಮ ಮಾಪಕವನ್ನು ಮುಂದಿಟ್ಟಾಗ ನೀರು ಕುದಿಯುವ ಬಿಂದುವನ್ನು 0 ಎಂದೂ ಹೆಪ್ಪುಗಟ್ಟುವ ಬಿಂದುವನ್ನು 100 ಎಂದೂ ಗುರುತಿಸಿದ್ದರು. ಇಂದಿನ ರೂಪಕ್ಕೆ ತಿರುವುಮುರುವಾದದ್ದು ಆಮೇಲೆ. ಉಪಕರಣ ಎಷ್ಟೇ ನಿಖರವಾಗಿರಲಿ, ಆ ಸೊನ್ನೆ ಒಂದು ಒಪ್ಪಂದವೇ ಹೊರತು ಉಷ್ಣತೆಯ ಅಭಾವವಲ್ಲ. 20 ಡಿಗ್ರಿಯು 10 ಡಿಗ್ರಿಯ ಎರಡು ಪಟ್ಟು ಎಂದು ಹೇಳಿ, ಅದನ್ನೇ ಫ್ಯಾರನ್‌ಹೀಟಿಗೆ ಬದಲಾಯಿಸಿ ನೋಡಿ: 68 ಮತ್ತು 50. ಎರಡು ಪಟ್ಟು ಎಲ್ಲಿ ಹೋಯಿತು? ಕೆಲ್ವಿನ್‌ನಲ್ಲಿ ಅವು 293.15 ಮತ್ತು 283.15, ಅಂದರೆ ಹೆಚ್ಚಳ ನೂರಕ್ಕೆ ನಾಲ್ಕನ್ನೂ ಮುಟ್ಟುವುದಿಲ್ಲ.

ಇದು ಬರಿಯ ಪಾಂಡಿತ್ಯದ ಮಾತಲ್ಲ, ಲೆಕ್ಕದಲ್ಲಿ ನೇರವಾಗಿ ಕಾಲಿಗೆ ತೊಡರಿಕೊಳ್ಳುತ್ತದೆ. ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ಶೇಕಡಾದಲ್ಲಿ ಹೇಳುವ ಒಂದು ಗುಣಾಂಕವಿದೆ. ಏರುಪೇರನ್ನು ಹೋಲಿಸಲು ಅದನ್ನು ಬಳಸುತ್ತಾರೆ. 10, 20, 30 ಡಿಗ್ರಿ ಸೆಲ್ಸಿಯಸ್ ಎಂಬ ಮೂರು ಅಳತೆಗಳಿಗೆ ಸರಾಸರಿ 20, ಮಾನಕ ವಿಚಲನೆ 10, ಆದ್ದರಿಂದ ಗುಣಾಂಕ ಶೇ. 50. ಅದೇ ಮೂರು ಉಷ್ಣತೆಗಳನ್ನು ಫ್ಯಾರನ್‌ಹೀಟಿನಲ್ಲಿ 50, 68, 86 ಎಂದು ಬರೆದರೆ ಗುಣಾಂಕ ಸುಮಾರು ಶೇ. 26.5ಕ್ಕೆ ಇಳಿಯುತ್ತದೆ, ಕೆಲ್ವಿನ್‌ನಲ್ಲಿ ಶೇ. 3.4. ಒಂದೇ ವಸ್ತುವಿನ ಏರುಪೇರಿಗೆ ಮೂರು ಉತ್ತರಗಳು! ಸರಾಸರಿ ಮತ್ತು ಮಾನಕ ವಿಚಲನೆಗಳಿಗೆ ಈ ಗತಿ ಬರುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್ ಎಂಬ ಸರಾಸರಿಯು 68 ಡಿಗ್ರಿ ಫ್ಯಾರನ್‌ಹೀಟ್ ಎಂಬ ಸರಾಸರಿಯಾಗಿ ನೇರವಾಗಿ ಪರಿವರ್ತನೆಯಾಗುತ್ತದೆ. ಹೀಗಾಗಿ ಅಂತರ ಮಾಪಕದಲ್ಲಿ ಸರಾಸರಿ ಸಲ್ಲುತ್ತದೆ, “ಇಷ್ಟು ಪಟ್ಟು” ಎಂಬ ಮಾತು ಸಲ್ಲುವುದಿಲ್ಲ.

ಉತ್ತರ: ಬಿಡಿಲೆಕ್ಕ

ತಕ್ಕಡಿ ಅವರ ವಿವರಣೆ ಸರಿಯಾಗಿದೆ. ಆದರೆ ಪ್ರಶ್ನೆ ಕೇಳಿದವರ ನಿಜವಾದ ಅನುಮಾನ, ಅಂದರೆ ವರ್ಸಿಕಲರ್ ನಡುವಿನದೇ ಅಲ್ಲವೇ ಎಂಬುದು, ಇನ್ನೂ ಉಳಿದಿದೆ. ಅದಕ್ಕೆ ದತ್ತಾಂಶದಲ್ಲೇ ಉತ್ತರವಿದೆ. ದಳದ ಉದ್ದದ ಸರಾಸರಿಯು ಸೆಟೋಸಾದಲ್ಲಿ 1.462, ವರ್ಸಿಕಲರ್‌ನಲ್ಲಿ 4.260, ವರ್ಜಿನಿಕಾದಲ್ಲಿ 5.552 ಸೆಂ.ಮೀ. ಇಲ್ಲಿ ವರ್ಸಿಕಲರ್ ನಡುವೆ ಇದೆ, ಸರಿ. ಈಗ ಪುಷ್ಪಪತ್ರದ ಅಗಲವನ್ನು ನೋಡಿ: ಸೆಟೋಸಾ 3.428, ವರ್ಸಿಕಲರ್ 2.770, ವರ್ಜಿನಿಕಾ 2.974. ಇಲ್ಲಿ ವರ್ಸಿಕಲರ್ ಎಲ್ಲಕ್ಕಿಂತ ಕೆಳಗೆ, ನಡುವೆ ಬರುವುದು ವರ್ಜಿನಿಕಾ. ಯಾವ ಗುಣವನ್ನು ಅಳೆಯುತ್ತೇವೆ ಎಂಬುದರ ಮೇಲೆ ಸಾಲು ಬದಲಾಗುವುದಾದರೆ ಪ್ರಭೇದಗಳಿಗೆ ತಮ್ಮದೇ ಆದ ಕ್ರಮವಿಲ್ಲ ಎಂದಾಯಿತು. 0, 1, 2 ಎಂಬ ಸಂಕೇತಗಳು ರೋಮನ್ ಅಕ್ಷರಮಾಲೆಯಲ್ಲಿ ಆ ಹೆಸರುಗಳು ಬರುವ ಸಾಲನ್ನು ಹಿಡಿದಿವೆ, ಅಷ್ಟೇ. ತಮಾಷೆಯೆಂದರೆ ಕನ್ನಡದ ಅಕಾರಾದಿಯಲ್ಲಿ ಜೋಡಿಸಿದರೆ ಮೊದಲಿನದು ಕೊನೆಗೂ ಕೊನೆಯದು ಮೊದಲಿಗೂ ಹೋಗಿ, ವರ್ಸಿಕಲರ್ ಮಾತ್ರ ಪುನಃ ನಡುವೆಯೇ ನಿಲ್ಲುತ್ತದೆ! ಇಂತಹ ಕಾಕತಾಳೀಯವೇ ತಪ್ಪು ಲೆಕ್ಕಕ್ಕೆ ಸತ್ಯದ ಬಣ್ಣ ಬಳಿಯುವುದು.

ಇನ್ನು 3.758ರ ವಿಚಾರ. ಇದು ಅನುಪಾತ ಮಾಪಕದ ಅಳತೆಯ ಸರಾಸರಿ, ನಿಯಮದ ಪ್ರಕಾರ ನಿರ್ದೋಷಿ. ಆದರೂ ಅದನ್ನು ಬರೆದಿಟ್ಟುಕೊಳ್ಳುವ ಮೊದಲು ಒಂದು ಚಿತ್ರ ಬರೆಯಬೇಕಿತ್ತು. ಸೆಟೋಸಾದ ದಳಗಳೆಲ್ಲ 1.0ರಿಂದ 1.9 ಸೆಂ.ಮೀ. ಒಳಗಿವೆ, ಉಳಿದೆರಡು ಪ್ರಭೇದಗಳ ಅತಿ ಚಿಕ್ಕ ದಳ 3.0 ಸೆಂ.ಮೀ. ನಡುವೆ ಒಂದು ಹೂವೂ ಇಲ್ಲದ ಬಯಲು. 3.758ರ ಆಸುಪಾಸಿನಲ್ಲಿ ಇರುವುದೂ ಬೆರಳೆಣಿಕೆಯ ಹೂವುಗಳು. ಎರಡು ಊರುಗಳ ನಡುವಿನ ಖಾಲಿ ರಸ್ತೆಯಲ್ಲಿ ನಿಂತು ಇದೇ ಜನವಸತಿಯ ಕೇಂದ್ರ ಎಂದಂತೆ. ಮಧ್ಯಾಂಕ 4.35 ಆಗಿದ್ದು ಸರಾಸರಿಗಿಂತ ಸಾಕಷ್ಟು ಮೇಲಿರುವುದೂ ಅದನ್ನೇ ಸೂಚಿಸುತ್ತದೆ. ಅಂದರೆ ಸರಾಸರಿ ತೆಗೆಯಬಹುದೇ ಎಂಬುದು ಒಂದು ಪ್ರಶ್ನೆ, ತೆಗೆದದ್ದು ಏನನ್ನಾದರೂ ತಿಳಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮಾಪಕದ ವಿಧ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ.

ಇಲ್ಲಿ ಒಂದು ಗೊಂದಲವನ್ನು ತಪ್ಪಿಸಬೇಕು. ಸರಾಸರಿಯ ಬೆಲೆ ಯಾವ ಹೂವಿನಲ್ಲೂ ಇಲ್ಲದಿರುವುದು ತಾನಾಗಿಯೇ ದೋಷವಲ್ಲ. ಗಿಡವೊಂದರಲ್ಲಿ ಅರಳಿದ ಹೂವುಗಳನ್ನು ಎಣಿಸಿದರೆ 2 ಅಥವಾ 3 ಬರಬಹುದು, 2.4 ಬರಲಾರದು, ಇಂತಹ ಎಣಿಕೆಯ ದತ್ತಾಂಶವನ್ನು ವಿಚ್ಛಿನ್ನ ಎನ್ನುತ್ತಾರೆ. ಆದರೂ “ಗಿಡವೊಂದಕ್ಕೆ ಸರಾಸರಿ 2.4 ಹೂ” ಎಂಬ ಮಾತಿಗೆ ಸ್ಪಷ್ಟ ಅರ್ಥವಿದೆ, ಏಕೆಂದರೆ ಅದನ್ನು ಗಿಡಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಹೂವುಗಳು ಸಿಗುತ್ತವೆ. ಪ್ರಭೇದದ ಸಂಕೇತಗಳನ್ನು ಕೂಡಿದರೆ ಸಿಗುವ 150 ಎಂಬ ಮೊತ್ತ ಯಾವುದರ ಮೊತ್ತ? ಹೊಸಬರಿಗೆ ನಾನು ಹೇಳಿಕೊಡುವ ಉಪಾಯ ಇದು: ಸರಾಸರಿಗೆ ಕೈಹಾಕುವ ಮೊದಲು ಮೊತ್ತಕ್ಕೆ ಅರ್ಥವಿದೆಯೇ ಎಂದು ಕೇಳಿಕೊಳ್ಳಿ. ಉಷ್ಣತೆಯ ವಿಷಯದಲ್ಲಿ ಈ ಉಪಾಯ ಕೈಕೊಡುತ್ತದೆ, ಉಷ್ಣತೆಗಳ ಮೊತ್ತಕ್ಕೆ ಅರ್ಥವಿಲ್ಲದಿದ್ದರೂ ಸರಾಸರಿಗೆ ಇದೆ. ಆದರೂ ಆರಂಭಕ್ಕೆ ಸಾಕು.

ದಳದ ಉದ್ದವು ಅವಿಚ್ಛಿನ್ನ ದತ್ತಾಂಶ. ತಾತ್ತ್ವಿಕವಾಗಿ 1.4 ಮತ್ತು 1.5ರ ನಡುವೆ ಯಾವ ಬೆಲೆಯೂ ಬರಬಹುದು. ಕಡತದಲ್ಲಿ ಒಂದೇ ದಶಮಾಂಶ ಸ್ಥಾನವಿದ್ದು ಅದೇ ಬೆಲೆಗಳು ಮತ್ತೆಮತ್ತೆ ಬರುವುದರಿಂದ ಕೆಲವರು ಅದನ್ನು ವಿಚ್ಛಿನ್ನ ಎಂದು ಭ್ರಮಿಸುತ್ತಾರೆ. ಬೆಲೆಗಳು ತುಂಡಾಗಿರುವುದು ಅಳತೆಗೋಲಿನ ಮಿತಿಯಿಂದ, ಹೂವಿನಿಂದಲ್ಲ.

ಪ್ರಭೇದದ ಕಾಲಮ್ಮನ್ನು ಲೆಕ್ಕಕ್ಕೆ ಒಗ್ಗಿಸಲೇಬೇಕೆಂದಿದ್ದರೆ ದಾರಿಯಿದೆ. ಸೆಟೋಸಾ ಹೌದಾದರೆ 1, ಅಲ್ಲವಾದರೆ 0 ಎಂದು ಒಂದು ಕಾಲಮ್ಮು, ಅದೇ ರೀತಿ ಉಳಿದೆರಡಕ್ಕೂ ಒಂದೊಂದು. ಈ ಕಾಲಮ್ಮುಗಳ ಸರಾಸರಿ ತಲಾ 0.333 ಬರುತ್ತದೆ, ಮತ್ತು ಅದಕ್ಕೆ ಅರ್ಥವೂ ಇದೆ: ಆ ಪ್ರಭೇದದ ಪಾಲು ಅದು. ಎರಡೇ ಸಾಧ್ಯತೆಗಳಿದ್ದು ಅವನ್ನು 0 ಮತ್ತು 1 ಎಂದು ಬರೆದಾಗ ಮೊತ್ತವೆಂದರೆ ಎಣಿಕೆಯೇ. ನಾಮಸೂಚಕ ದತ್ತಾಂಶಕ್ಕೆ ಸರಾಸರಿ ಇಲ್ಲವೆಂಬ ಮಾತು ಹೀಗೆ ಹಿತ್ತಿಲ ಬಾಗಿಲಿನಿಂದ ಸ್ವಲ್ಪ ಸಡಿಲಗೊಳ್ಳುತ್ತದೆ.

ಮರುಪ್ರಶ್ನೆ: ಕಲಿಕೆಯ_ಹಾದಿ

ಇಬ್ಬರಿಗೂ ಕೃತಜ್ಞತೆಗಳು. ಪುಷ್ಪಪತ್ರದ ಅಗಲವನ್ನು ನಾನು ನೋಡಿಯೇ ಇರಲಿಲ್ಲ. ತಕ್ಕಡಿ ಅವರ ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟಿದೆ. ಸಮೀಕ್ಷೆಗಳಲ್ಲಿ “ಖಂಡಿತ ಒಪ್ಪುವುದಿಲ್ಲ” ಎಂಬುದಕ್ಕೆ 1, “ಖಂಡಿತ ಒಪ್ಪುತ್ತೇನೆ” ಎಂಬುದಕ್ಕೆ 5 ಎಂದು ಅಂಕ ಕೊಟ್ಟು ಸರಾಸರಿ 3.7 ಎಂದೆಲ್ಲ ಪ್ರಕಟಿಸುತ್ತಾರೆ. ಅದು ಕ್ರಮಸೂಚಕ ದತ್ತಾಂಶವಾದ ಮೇಲೆ ಎಲ್ಲರೂ ತಪ್ಪು ಮಾಡುತ್ತಿದ್ದಾರೆಯೇ? ಜೊತೆಗೆ, ನಾಲ್ಕು ವಿಧಗಳಲ್ಲಿ ಎಲ್ಲ ದತ್ತಾಂಶವೂ ಅಡಕವಾಗುತ್ತದೆಯೇ?

ಉತ್ತರ: ಓರೆಗಲ್ಲು

ಈ ವಿಷಯದಲ್ಲಿ ನನ್ನ ಅಭಿಪ್ರಾಯ ತಕ್ಕಡಿ ಅವರದಕ್ಕಿಂತ ಸ್ವಲ್ಪ ಬೇರೆ, ಆದ್ದರಿಂದ ಮೊದಲು ಅವರ ಪಕ್ಷವನ್ನೇ ಬಲಪಡಿಸಿ ಆಮೇಲೆ ನನ್ನ ಮಾತಿಗೆ ಬರುತ್ತೇನೆ.

ಕ್ರಮ ಮಾತ್ರ ಇದ್ದು ಅಂತರಗಳು ಸಮವಲ್ಲದ ಮಾಪಕಕ್ಕೆ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಖನಿಜಗಳ ಗಡಸುತನದ ಮಾಪಕಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಯಾವುದು ಯಾವುದನ್ನು ಗೀರಬಲ್ಲದು ಎಂಬುದಷ್ಟೇ ಅದರ ಆಧಾರ: ಟಾಲ್ಕ್ 1, ಬೆಣಚು 7, ಕುರುಂದ 9, ವಜ್ರ 10. ಗಡಸುತನವನ್ನು ಉಪಕರಣದಿಂದ ನೇರವಾಗಿ ಅಳೆದರೆ ವಜ್ರವು ಕುರುಂದಕ್ಕಿಂತ ಸುಮಾರು ನಾಲ್ಕು ಪಟ್ಟು ಗಡಸು. ಒಂಬತ್ತರಿಂದ ಹತ್ತಕ್ಕೆ ಇರುವ ಆ ಒಂದು ಮೆಟ್ಟಿಲು ಕೆಳಗಿನ ಎಲ್ಲ ಮೆಟ್ಟಿಲುಗಳನ್ನು ಕೂಡಿದರೂ ಮೀರುವಷ್ಟು ಎತ್ತರ.

ಈಗ ಸಮೀಕ್ಷೆಗೆ ಬನ್ನಿ. ಒಂದು ಗುಂಪಿನ ಮೂವರು 3, 3, 3 ಎಂದೂ ಇನ್ನೊಂದರ ಮೂವರು 1, 2, 5 ಎಂದೂ ಉತ್ತರಿಸಿದ್ದಾರೆ ಎನ್ನೋಣ. ಸರಾಸರಿಗಳು 3 ಮತ್ತು 2.67; ಮೊದಲ ಗುಂಪು ಮುಂದಿದೆ. “ಖಂಡಿತ ಒಪ್ಪುತ್ತೇನೆ” ಎಂಬ ಉತ್ತರವು ವಜ್ರದಂತೆ ಬಹು ದೂರದ ಮೆಟ್ಟಿಲೆಂದು ಭಾವಿಸಿ ಅದಕ್ಕೆ 5ರ ಬದಲು 10 ಕೊಡಿ. ಕ್ರಮ ಕೆಟ್ಟಿಲ್ಲ. ಆದರೆ ಎರಡನೆಯ ಗುಂಪಿನ ಸರಾಸರಿ 4.33ಕ್ಕೆ ಜಿಗಿದು ಸೋತವರು ಗೆದ್ದುಬಿಡುತ್ತಾರೆ. ಮಧ್ಯಾಂಕಗಳು ಮಾತ್ರ ಎರಡೂ ಸಲ 3 ಮತ್ತು 2. ತಕ್ಕಡಿ ಅವರು ಹೇಳಿದ ಪರೀಕ್ಷೆಯಲ್ಲಿ ಸರಾಸರಿ ಸೋತಿತು, ಮಧ್ಯಾಂಕ ಉಳಿಯಿತು.

ಹಾಗಾದರೆ ನಿಷೇಧವೇ ಸರಿಯೇ? ನನಗೆ ಹಾಗನ್ನಿಸುವುದಿಲ್ಲ. 1953ರಲ್ಲಿ ಮನೋಮಾಪನ ತಜ್ಞ ಫ್ರೆಡರಿಕ್ ಲಾರ್ಡ್ ಈ ನಿಷೇಧವನ್ನು ಅಣಕಿಸಿ ಒಂದು ಕಥೆ ಕಟ್ಟಿದರು. ಫುಟ್‌ಬಾಲ್ ಆಟಗಾರರ ಅಂಗಿಗಳಿಗೆ ಯಂತ್ರವೊಂದರಿಂದ ಸಂಖ್ಯೆಗಳನ್ನು ಹಂಚಲಾಗುತ್ತದೆ. ಅವು ಶುದ್ಧ ನಾಮಸೂಚಕ. ಆದರೆ ತಮಗೆ ಬಂದ ಸಂಖ್ಯೆಗಳು ತೀರಾ ಸಣ್ಣವು, ಯಂತ್ರದಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದು ಹೊಸ ವಿದ್ಯಾರ್ಥಿಗಳು ದೂರುತ್ತಾರೆ. ಈ ದೂರನ್ನು ಪರೀಕ್ಷಿಸಲು ಅವರ ಸಂಖ್ಯೆಗಳ ಸರಾಸರಿಯನ್ನು ಯಂತ್ರದಲ್ಲಿದ್ದ ಎಲ್ಲ ಸಂಖ್ಯೆಗಳ ಸರಾಸರಿಯೊಂದಿಗೆ ಹೋಲಿಸದೆ ಬೇರೆ ದಾರಿಯೇನು? ಅಲ್ಲಿ ಕೇಳಿದ್ದು ಆಟಗಾರರ ಬಗ್ಗೆ ಅಲ್ಲ, ಸಂಖ್ಯೆಗಳು ಹಂಚಿಕೆಯಾದ ರೀತಿಯ ಬಗ್ಗೆ. ಆ ಪ್ರಶ್ನೆಗೆ ಸರಾಸರಿಯೇ ತಕ್ಕ ಉತ್ತರ. ಮಾಪಕದ ವಿಧವು ಕಾಲಮ್ಮಿಗೆ ಶಾಶ್ವತವಾಗಿ ಅಂಟಿಸಿದ ಹಣೆಪಟ್ಟಿಯಲ್ಲ, ನಾವು ಕೇಳುವ ಪ್ರಶ್ನೆಯೊಂದಿಗೆ ಅದು ಬದಲಾಗಬಲ್ಲದು ಎಂದು ನಾನು ಇದರಿಂದ ಗ್ರಹಿಸಿದ್ದೇನೆ.

ಒಪ್ಪಿಗೆಯ ಮಾಪಕದ ಜೊತೆ ರೆನ್ಸಿಸ್ ಲೈಕರ್ಟ್ ಅವರ ಹೆಸರು ಸೇರಿಕೊಂಡಿದೆ. 1932ರಲ್ಲಿ ಅವರು ಹೇಳಿದ ವಿಧಾನದಲ್ಲಿ ಒಂದೇ ಮನೋಭಾವವನ್ನು ಕುರಿತ ಹಲವು ಹೇಳಿಕೆಗಳ ಅಂಕಗಳನ್ನು ಕೂಡಿ ವ್ಯಕ್ತಿಗೊಂದು ಮೊತ್ತವನ್ನು ಪಡೆಯಲಾಗುತ್ತದೆ. ಒಂಟಿ ಪ್ರಶ್ನೆಯ ಸರಾಸರಿಗೂ ಅನೇಕ ಪ್ರಶ್ನೆಗಳ ಮೊತ್ತಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಅಂತರ ಮಾಪಕದಂತೆ ನಡೆಸಿಕೊಳ್ಳುವುದಕ್ಕೆ ನನ್ನ ಆಕ್ಷೇಪ ಕಡಿಮೆ. ಒಂಟಿ ಪ್ರಶ್ನೆಯಾಗಿದ್ದರೆ ಪ್ರತಿ ಉತ್ತರವನ್ನು ಎಷ್ಟು ಮಂದಿ ಆರಿಸಿದರು ಎಂಬ ಕೋಷ್ಟಕವನ್ನೇ ಕೊಟ್ಟುಬಿಡಿ, ಐದು ಸಂಖ್ಯೆಗಳು ಯಾವ ಓದುಗನಿಗೂ ಭಾರವಲ್ಲ. ಸರಾಸರಿಯನ್ನೇ ಕೊಡುವುದಾದರೆ ಮೇಲೆ ಮಾಡಿದಂತೆ ಅಂಕಗಳನ್ನು ಎರಡು ಮೂರು ರೀತಿಯಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡಿ, ತೀರ್ಮಾನ ತಲೆಕೆಳಗಾಗದಿದ್ದರೆ ಧೈರ್ಯವಾಗಿ ಪ್ರಕಟಿಸಬಹುದು.

ನಾಲ್ಕರಲ್ಲಿ ಎಲ್ಲವೂ ಅಡಕವಾಗುವುದಿಲ್ಲ. ದಿಕ್ಕನ್ನು ಡಿಗ್ರಿಗಳಲ್ಲಿ ಅಳೆದಾಗ 350 ಮತ್ತು 10 ಎರಡೂ ಉತ್ತರಕ್ಕೆ ಅಂಟಿಕೊಂಡಿವೆ, ಅವುಗಳ ಸರಾಸರಿಯಾದ 180 ಮಾತ್ರ ನೇರ ದಕ್ಷಿಣ! ವೃತ್ತದಲ್ಲಿ ಸುತ್ತಿಬರುವ ಗಡಿಯಾರದ ಹೊತ್ತು, ದಿಕ್ಕು ಮುಂತಾದವುಗಳಿಗೆ ಬೇರೆಯೇ ಲೆಕ್ಕಾಚಾರ ಬೇಕು. ಶುದ್ಧ ಎಣಿಕೆಯಲ್ಲಿ ಏಕಮಾನವನ್ನೂ ಬದಲಿಸಲಾಗದು, ಮೂರು ಹೂವೆಂದರೆ ಮೂರೇ. ಅದು ಅನುಪಾತ ಮಾಪಕಕ್ಕಿಂತಲೂ ಬಿಗಿಯಾದದ್ದು. 1977ರಲ್ಲಿ ಮೋಸ್ಟೆಲರ್ ಮತ್ತು ಟ್ಯೂಕಿ ಎಂಬ ಸಂಖ್ಯಾಶಾಸ್ತ್ರಜ್ಞರು ಹೆಸರು, ದರ್ಜೆ, ಸ್ಥಾನ, ಎಣಿಕೆಯಿಂದ ಬಂದ ಭಿನ್ನರಾಶಿ, ಎಣಿಕೆ, ಮೊತ್ತ, ಋಣಧನ ಎರಡೂ ಆಗಬಲ್ಲ ಶಿಲ್ಕು ಎಂದು ಏಳಾಗಿ ವಿಂಗಡಿಸಿದ್ದೂ ಈ ಕೊರತೆಯನ್ನು ತುಂಬಲೆಂದೇ ಎಂದು ನನ್ನ ಊಹೆ.

ಉತ್ತರ: ತಕ್ಕಡಿ

ಓರೆಗಲ್ಲು ಅವರು ತಿದ್ದಿದ್ದನ್ನು ಒಪ್ಪುತ್ತೇನೆ. ಆದರೂ ಹೊಸಬರಿಗೆ ನಿಷೇಧದಿಂದಲೇ ಆರಂಭಿಸುವುದು ಕ್ಷೇಮವೆಂಬ ನನ್ನ ಹಟವನ್ನು ಬಿಡಲಾರೆ. ನಿಯಮ ಗೊತ್ತಿದ್ದು ಮುರಿಯುವವರ ಲೆಕ್ಕ ಬೇರೆ.

ಉತ್ತರ: ಒಂದು_ಕಡಿಮೆ

ಎರಡು ಮಾನಕ ವಿಚಲನೆಗಳ ಪ್ರಶ್ನೆಯನ್ನು ಯಾರೂ ಮುಟ್ಟದಿರುವುದರಿಂದ ನಾನು ಬರೆಯುತ್ತಿದ್ದೇನೆ. ಮಾನಕ ವಿಚಲನೆಗೆ ಸರಾಸರಿಯಿಂದ ಇರುವ ದೂರಗಳ ವರ್ಗಗಳನ್ನು ಕೂಡಿ, ಭಾಗಿಸಿ, ವರ್ಗಮೂಲ ತೆಗೆಯುತ್ತಾರೆ. ಅಳತೆಗಳ ಸಂಖ್ಯೆ n ಆದರೆ ನಂಪೈ ತಾನಾಗಿ n ನಿಂದ ಭಾಗಿಸುತ್ತದೆ, ಪಾಂಡಾಸ್ n − 1 ನಿಂದ. ನಿಮ್ಮ ಸಂದರ್ಭದಲ್ಲಿ 150 ಮತ್ತು 149. ಎರಡರಲ್ಲೂ ದೋಷವಿಲ್ಲ, ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿವೆ.

ನಾವು ಯಾವುದರ ಬಗ್ಗೆ ಮಾತನಾಡಬಯಸುತ್ತೇವೆಯೋ ಆ ಇಡೀ ಸಮೂಹವನ್ನು ಸಮಷ್ಟಿ ಎನ್ನುತ್ತೇವೆ, ನಮ್ಮ ಕೈಗೆ ಸಿಕ್ಕ ಭಾಗವನ್ನು ಮಾದರಿ ಎನ್ನುತ್ತೇವೆ. ಸಮಷ್ಟಿಯ ಸರಾಸರಿ ಒಂದು ಸ್ಥಿರವಾದ, ಆದರೆ ಸಾಮಾನ್ಯವಾಗಿ ನಮಗೆ ತಿಳಿಯದ ಸಂಖ್ಯೆ. ಮಾದರಿಯ ಸರಾಸರಿ ತಿಳಿಯುವ ಸಂಖ್ಯೆ, ಆದರೆ ಮಾದರಿ ಬದಲಾದರೆ ತಾನೂ ಬದಲಾಗುವಂಥದ್ದು. ಈ 150 ಹೂವುಗಳ ಚದುರುವಿಕೆಯನ್ನಷ್ಟೇ ವರ್ಣಿಸುವುದಾದರೆ n ಸಾಕು. ಇವುಗಳನ್ನು ಆಧಾರವಾಗಿಟ್ಟುಕೊಂಡು ಕಾಣದ ಸಮಷ್ಟಿಯ ಚದುರುವಿಕೆಯನ್ನು ಅಂದಾಜಿಸುವುದಾದರೆ n − 1 ಬೇಕು.

ಒಂದನ್ನು ಕಳೆಯುವುದೇಕೆ ಎಂಬುದನ್ನು ಸೂತ್ರವಿಲ್ಲದೆ ಕೈಯಲ್ಲೇ ಮಾಡಿ ನೋಡಬಹುದು. ಚೀಲದಲ್ಲಿ 0 ಮತ್ತು 2 ಎಂದು ಬರೆದ ಎರಡೇ ಚೀಟಿಗಳಿವೆ. ಸರಾಸರಿ 1, ಸರಾಸರಿಯಿಂದ ಇರುವ ದೂರದ ವರ್ಗಗಳು 1 ಮತ್ತು 1, ಆದ್ದರಿಂದ ವರ್ಗಗಳ ಸರಾಸರಿಯೂ 1. ಈಗ ಒಂದು ಚೀಟಿ ಎತ್ತಿ, ಬರೆದುಕೊಂಡು, ಹಿಂದಕ್ಕೆ ಹಾಕಿ, ಮತ್ತೊಂದು ಎತ್ತಿರಿ. ನಾಲ್ಕು ಸಾಧ್ಯತೆಗಳು: 0 ಮತ್ತು 0, 0 ಮತ್ತು 2, 2 ಮತ್ತು 0, 2 ಮತ್ತು 2. ಪ್ರತಿ ಮಾದರಿಯಲ್ಲೂ ಅದರದೇ ಸರಾಸರಿಯಿಂದ ದೂರದ ವರ್ಗಗಳನ್ನು ಕೂಡಿ 2ರಿಂದ ಭಾಗಿಸಿದರೆ 0, 1, 1, 0 ಬರುತ್ತವೆ, ಇವುಗಳ ಸರಾಸರಿ 0.5. ನಿಜವಾದ ಬೆಲೆ 1 ಇರುವಾಗ ನಮ್ಮ ಅಂದಾಜು ಅರ್ಧಕ್ಕೇ ನಿಂತಿತು. 2ರ ಬದಲು 1ರಿಂದ ಭಾಗಿಸಿದರೆ 0, 2, 2, 0. ಸರಾಸರಿ ಸರಿಯಾಗಿ 1. ಮಾದರಿಯ ಸರಾಸರಿಯು ಮಾದರಿಯ ಅಂಕಿಗಳ ಕಡೆಗೇ ವಾಲಿರುವುದರಿಂದ ಅದರಿಂದ ಅಳೆದ ದೂರಗಳು ಒಟ್ಟಾರೆ ಚಿಕ್ಕವಾಗುತ್ತವೆ, ಚಿಕ್ಕ ಭಾಜಕವು ಆ ಕೊರತೆಯನ್ನು ತುಂಬುತ್ತದೆ. ವರ್ಗಮೂಲ ತೆಗೆದ ಮೇಲೆ ಈ ಸರಿಪಡಿಕೆ ಪೂರ್ತಿ ನಿಖರವಾಗಿ ಉಳಿಯುವುದಿಲ್ಲವೆಂಬುದು ಬೇರೆ ಮಾತು. 150ರಷ್ಟು ದೊಡ್ಡ ಮಾದರಿಯಲ್ಲಿ 1.759 ಮತ್ತು 1.765ರ ನಡುವಿನ ವ್ಯತ್ಯಾಸಕ್ಕೆ ನಿದ್ದೆಗೆಡಬೇಕಿಲ್ಲ.

ನಿದ್ದೆಗೆಡಬೇಕಾದದ್ದು ಬೇರೆ ಇದೆ. ಯಾವ ಭಾಜಕವೂ ಮಾದರಿಯನ್ನು ಆರಿಸಿದ ರೀತಿಯ ದೋಷವನ್ನು ಸರಿಪಡಿಸಲಾರದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆಯು ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಹೆಕ್ಕಿದ್ದು ದೂರವಾಣಿ ಮತ್ತು ಕಾರು ಉಳ್ಳವರ ಪಟ್ಟಿಗಳಂಥ ಮೂಲಗಳಿಂದ. ಮೇಲಾಗಿ ಉತ್ತರಿಸುವ ಗೋಜಿಗೆ ಹೋದವರು ನಾಲ್ವರಲ್ಲಿ ಒಬ್ಬರಷ್ಟೇ.

ನಿಮ್ಮ ಹೂವುಗಳಿಗೂ ಇದು ಅನ್ವಯಿಸುತ್ತದೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರ ತಮ್ಮ ಲೇಖನದಲ್ಲಿ ಬಳಸಿದ, ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್ ಅಳೆದಿದ್ದ ಈ ದತ್ತಾಂಶದಲ್ಲಿ ಪ್ರಭೇದಕ್ಕೆ 50 ಎಂಬುದು ವಿಶ್ಲೇಷಣೆಗಾಗಿ ಇಟ್ಟುಕೊಂಡ ಲೆಕ್ಕ, ಬಯಲಿನಲ್ಲಿ ಅವು ಬೆಳೆಯುವ ಪ್ರಮಾಣವಲ್ಲ. ಬಿಡಿಲೆಕ್ಕ ಅವರು ಹೇಳಿದ 0.333 ಈ ಕಡತದಲ್ಲಿ ಆ ಪ್ರಭೇದದ ಪಾಲು, ನಿಜ; ಯಾವ ಸಮಷ್ಟಿಯಲ್ಲೂ ಅದರ ಪಾಲಿನ ಅಂದಾಜಾಗಲಾರದು. ಅದೇ ಕಾರಣದಿಂದ 3.758 ಕೂಡ ಕುಂಟುತ್ತದೆ. ಅದು 1.462, 4.260, 5.552 ಎಂಬ ಮೂರು ಸರಾಸರಿಗಳ ಸರಾಸರಿ. ಸೆಟೋಸಾ 50ರ ಬದಲು 100 ಇದ್ದಿದ್ದರೆ ಅದು 3.184 ಆಗುತ್ತಿತ್ತು. ಹೂವುಗಳಲ್ಲಿ ಯಾವ ಬದಲಾವಣೆಯೂ ಆಗದೆ, ಸಂಗ್ರಹಿಸುವವರ ತೀರ್ಮಾನವೊಂದರಿಂದ ಬದಲಾಗುವ ಸಂಖ್ಯೆ ಅದು.

ಕಲಿಕೆಯ_ಹಾದಿ

ಹಾಗಾದರೆ ನಾನು ಸರಿಯೆಂದು ನಂಬಿದ್ದ ಸಂಖ್ಯೆಯೂ ಉಳಿಯಲಿಲ್ಲ! “ಸರಾಸರಿ ಹೂವು ವರ್ಸಿಕಲರ್” ಎಂಬ ಸಾಲಿನ ಜೊತೆಗೆ 3.758 ಅನ್ನೂ ಹೊಡೆದುಹಾಕಿದ್ದೇನೆ. ಅವುಗಳ ಜಾಗದಲ್ಲಿ ದಳದ ಉದ್ದಕ್ಕೆ ಮೂರು ಸಾಲುಗಳಿವೆ: ಸೆಟೋಸಾ 1.462, ಮಾನಕ ವಿಚಲನೆ 0.174; ವರ್ಸಿಕಲರ್ 4.260, ಮಾನಕ ವಿಚಲನೆ 0.470, ವರ್ಜಿನಿಕಾ 5.552, ಮಾನಕ ವಿಚಲನೆ 0.552. ಒಳಗೊಳಗೆ ಇಷ್ಟು ಕಡಿಮೆ ಚದುರುವಿಕೆ ಇರುವ ಹೂವುಗಳಿಗೆ ಒಟ್ಟಾಗಿ 1.765 ಬಂದದ್ದು ಎಲ್ಲಿಂದ ಎಂಬುದೂ ಈಗ ಕಾಣುತ್ತಿದೆ. ಮೂರೂ ಸಾಲುಗಳಲ್ಲಿ 49ರಿಂದ ಭಾಗಿಸಿದ್ದೇನೆ.